ಒಂದೇ ಚಿತ್ರದ ಮುಂದೆ ಅರ್ಧ ಗಂಟೆ: ಮ್ಯೂಸಿಯಂನಿಂದ ನಿಮ್ಮ ಕೆಲಸಕ್ಕೆ ಏನನ್ನು ತರಬಹುದು, ಹೇಗೆ ತರಬೇಕು

ಮ್ಯೂಸಿಯಂ ನೋಡಿ ಬಂದವರ ಫೋನಿನಲ್ಲಿ ಇನ್ನೂರು ಫೋಟೊ ಇರುತ್ತವೆ, ಮನೆಯ ಮೇಜಿನ ಮೇಲೆ ಹೊಸದೊಂದು ಗೆರೆ ಇರುವುದಿಲ್ಲ. ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಆಸೆಯಿಂದ ಹೀಗಾಗುತ್ತದೆ. ನಾಲ್ಕೈದು ಕೋಣೆ ಸುತ್ತುವಷ್ಟರಲ್ಲಿ ಕಣ್ಣೂ ಕಾಲೂ ದಣಿದಿರುತ್ತವೆ, ಆಮೇಲೆ ನೋಡಿದ್ದು ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ.

ಚಿತ್ರ ಬಿಡಿಸುವವರು, ಕಸೂತಿ ಹಾಕುವವರು, ವಿನ್ಯಾಸ ಮಾಡುವವರು, ಕಥೆ ಬರೆಯುವವರು, ಯಾರೇ ಆಗಲಿ, ಅಲ್ಲಿಂದ ತರಬಹುದಾದ ನಿಜವಾದ ಸರಕು ಒಂದೇ: ಕೃತಿ ಮಾಡಿದವರು ತೆಗೆದುಕೊಂಡ ಒಂದು ತೀರ್ಮಾನ. ಬೆಳಕನ್ನು ಎಲ್ಲಿಟ್ಟರು, ಏನನ್ನು ಬಿಟ್ಟರು, ಗೆರೆಯನ್ನು ಯಾಕೆ ಅಲ್ಲಿಗೇ ನಿಲ್ಲಿಸಿದರು? ಇಂಥದ್ದೊಂದನ್ನು ಗುರುತಿಸಿ, ನಿಮ್ಮ ಸಾಮಗ್ರಿಯಲ್ಲಿ ಮಾಡಿ ನೋಡಿದರೆ ಸ್ಫೂರ್ತಿ ಎನ್ನುವುದು ಕೈಗೆ ಸಿಗುತ್ತದೆ. ಈ ಬರಹ ಆ ಕೆಲಸದ ಕ್ರಮವನ್ನು ಹೇಳುತ್ತದೆ. ಉದಾಹರಣೆಗಳೆಲ್ಲ ಬೆಂಗಳೂರು, ಮೈಸೂರುಗಳವು. ಕ್ರಮವನ್ನು ಮಾತ್ರ ಯಾವ ಊರಿನ ಮ್ಯೂಸಿಯಂನಲ್ಲಾದರೂ ಬಳಸಬಹುದು.

ಹೊರಡುವ ಮುನ್ನ

ಒಂದು ಭೇಟಿಗೆ ಒಂದು ಪ್ರಶ್ನೆ ಸಾಕು. ಅದು ನಿಮ್ಮ ಕೆಲಸ ಸದ್ಯ ಸಿಕ್ಕಿಕೊಂಡಿರುವ ಜಾಗದಿಂದಲೇ ಹುಟ್ಟಲಿ. "ನನ್ನ ಚಿತ್ರಗಳಲ್ಲಿ ಕತ್ತಲು ಯಾಕೆ ಕೊಳಕಾಗಿ ಕಾಣುತ್ತದೆ?", "ಗುಂಪಿನಲ್ಲಿ ಹತ್ತು ಮಂದಿಯನ್ನು ಹೇಗೆ ಕೂರಿಸುವುದು?", "ಇಡೀ ಘಟನೆಯನ್ನು ಹತ್ತು ಸಾಲಿನಲ್ಲಿ ಹೇಳುವುದು ಹೇಗೆ?" ಹೀಗೆ. "ಏನಾದರೂ ಹೊಸದು ಹೊಳೆಯಲಿ" ಎಂದು ಹೊರಟರೆ ಯಾವುದರ ಮುಂದೆ ನಿಲ್ಲಬೇಕೆಂದೇ ಗೊತ್ತಾಗುವುದಿಲ್ಲ.

ಚೀಲದಲ್ಲಿ ಇರಬೇಕಾದದ್ದು ಕಡಿಮೆ: ಎ5 ಅಳತೆಯ, ಗಟ್ಟಿ ರಟ್ಟಿನ ಸ್ಕೆಚ್‌ಬುಕ್, ಮನೆಯಲ್ಲೇ ಚೂಪು ಮಾಡಿಟ್ಟ ಎರಡು 2ಬಿ ಮತ್ತು ಒಂದು 4ಬಿ ಪೆನ್ಸಿಲ್, ಮೆತ್ತನೆಯ ರಬ್ಬರ್. ಸಾಮಾನ್ಯವಾಗಿ ಗ್ಯಾಲರಿಗಳಲ್ಲಿ ಪೆನ್ಸಿಲ್‌ಗೆ ಮಾತ್ರ ಒಪ್ಪಿಗೆ. ಪೆನ್ನು, ಬಣ್ಣ, ನೀರಿನ ಬಾಟಲಿ ಹೊರಗೇ ಉಳಿಯಬೇಕಾಗಬಹುದು. ಸ್ಕೆಚ್ ಮಾಡಬಹುದೇ ಎಂದು ಕೌಂಟರಿನಲ್ಲಿ ಮೊದಲೇ ಕೇಳಿಬಿಡಿ, ಅರ್ಧ ಚಿತ್ರದಲ್ಲಿ ಕಾವಲಿನವರು ಬಂದು ತಡೆಯುವುದು ತಪ್ಪುತ್ತದೆ. ಸ್ಕೆಚ್‌ಬುಕ್ ಎ4 ಆದರೆ ನಿಂತು ಹಿಡಿದುಕೊಳ್ಳಲು ಕಷ್ಟ. ದೊಡ್ಡ ಹಾಳೆ ಕಂಡರೆ "ಚೆನ್ನಾಗಿ ಬರಬೇಕು" ಎಂಬ ಭಯವೂ ಕೈಗೆ ಬರುತ್ತದೆ.

ಬಟ್ಟೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಗಾಜು ಹಾಕಿದ ಚಿತ್ರದ ಮುಂದೆ ಬಿಳಿ ಅಂಗಿ ತೊಟ್ಟು ನಿಂತರೆ ಚಿತ್ರದ ಕಪ್ಪು ಭಾಗಗಳಲ್ಲಿ ನಿಮ್ಮ ಅಂಗಿಯೇ ಕಾಣುತ್ತದೆ. ಗಾಢ ಬಣ್ಣದ ಬಟ್ಟೆ ತೊಟ್ಟರೆ ಪ್ರತಿಬಿಂಬ ಕಡಿಮೆ.

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ, ಇನ್ನೂ ಹಲವು ಮ್ಯೂಸಿಯಂಗಳಿಗೂ ಹಾಗೆಯೇ. ಹಳೆಯ ಕಟ್ಟಡಗಳಲ್ಲಿ ದುರಸ್ತಿಗೆಂದು ಕೋಣೆಗಳನ್ನು ತಿಂಗಳುಗಟ್ಟಲೆ ಮುಚ್ಚಿರುವುದುಂಟು. ನೀವು ನೋಡಬೇಕೆಂದಿರುವ ಕೃತಿ ಈಗ ಗೋಡೆಯ ಮೇಲಿದೆಯೇ ಎಂದು ಫೋನ್ ಮಾಡಿ ವಿಚಾರಿಸಿಯೇ ಹೊರಡಿ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಶಾಲಾ ಪ್ರವಾಸದ ಗದ್ದಲವಿಲ್ಲದೆ ಒಂದು ಕಡೆ ನಿಲ್ಲಬಹುದು.

ಒಳಗೆ: ಒಂದೂವರೆ ಗಂಟೆಯ ಲೆಕ್ಕ

ಮೊದಲ ಹದಿನೈದು ನಿಮಿಷ ಪೂರ್ತಿ ಸುತ್ತಿ ಬನ್ನಿ, ಎಲ್ಲಿಯೂ ನಿಲ್ಲಬೇಡಿ. ಫಲಕ ಓದಬೇಡಿ. ಕಣ್ಣು ತಾನಾಗಿ ಎಳೆದ ಮೂರು ಕೃತಿಗಳನ್ನು ಗುರುತು ಮಾಡಿಕೊಳ್ಳಿ. ಆ ಮೂರರಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದೊಂದನ್ನು ಆರಿಸಿ, ಅಲ್ಲಿಗೆ ವಾಪಸ್ ಹೋಗಿ. ಅರ್ಧ ಗಂಟೆ ಅದರದು, ಬೇಕೆನಿಸಿದರೆ ಇನ್ನೂ ಹತ್ತು ನಿಮಿಷ. ಉಳಿದ ಹೊತ್ತು ಕೂತು ಟಿಪ್ಪಣಿ ಬರೆಯಲು.

ಫಲಕವನ್ನು ಕೊನೆಗೆ ಓದಬೇಕು ಎನ್ನುವುದಕ್ಕೆ ಕಾರಣವಿದೆ. ಹೆಸರು, ಕಥೆ ತಿಳಿದ ತಕ್ಷಣ ಕಣ್ಣು ಆ ಕಥೆಯನ್ನೇ ಹುಡುಕುತ್ತದೆ, ಎದುರಿಗಿರುವ ಗೆರೆ, ಬಣ್ಣ ಹಿಂದೆ ಸರಿಯುತ್ತವೆ. ಓದುವಾಗ ಮಾತ್ರ ಪೂರ್ತಿ ಓದಿ, ಮೂರು ಸಂಗತಿಗಳನ್ನು ತಪ್ಪದೆ ಬರೆದುಕೊಳ್ಳಿ: ಮಾಧ್ಯಮ, ಅಳತೆ, ವರ್ಷ. ಅಳತೆ ಯಾಕೆಂದರೆ, ಫೋನಿನಲ್ಲಿ ಅಂಗೈಯಗಲದ ಚಿತ್ರವೂ ಆಳೆತ್ತರದ ಚಿತ್ರವೂ ಒಂದೇ ಗಾತ್ರಕ್ಕೆ ಬಂದುಬಿಡುತ್ತವೆ. ಚಿತ್ರದ ಪರಿಣಾಮದಲ್ಲಿ ಅರ್ಧ ಅದರ ಗಾತ್ರದಿಂದಲೇ ಬಂದಿರುತ್ತದೆ. ಫಲಕದಲ್ಲಿ ಅಳತೆ ಇಲ್ಲದಿದ್ದರೆ ನಿಮ್ಮ ಗೇಣಿನಲ್ಲಿ ಅಂದಾಜಿಸಿ. ಗೇಣು ಎಷ್ಟು ಸೆಂಟಿಮೀಟರ್ ಎಂದು ಮನೆಯಲ್ಲೇ ಅಳೆದಿಟ್ಟುಕೊಂಡಿರಿ, ಗೋಡೆಯನ್ನು ಮುಟ್ಟದೆ ಗಾಳಿಯಲ್ಲೇ ಅಂದಾಜು ಮಾಡಿ.

ಕಾಗದದ ಮೇಲಿನ ಕೃತಿಗಳು ಮತ್ತು ಹಳೆಯ ಬಟ್ಟೆಗಳಿರುವ ಕೋಣೆಗಳು ಮಬ್ಬಾಗಿರುತ್ತವೆ. ಬೆಳಕು ಬಿದ್ದಷ್ಟೂ ಬಣ್ಣ ಕಂದುತ್ತದೆ, ಹಾಗಾಗಿ ಅಂಥ ಕಡೆ ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಾತ್ರ ಬೆಳಕಿಡುವುದು ರೂಢಿ. ಬಿಸಿಲಿನಿಂದ ನೇರ ಒಳಗೆ ಬಂದ ಕಣ್ಣಿಗೆ ಅಲ್ಲಿ ಎಲ್ಲವೂ ಕಂದು ಬಣ್ಣ. ಐದಾರು ನಿಮಿಷ ಸುಮ್ಮನೆ ನಿಂತಿರಿ, ಮಸುಕಿನೊಳಗಿನ ನೀಲಿ, ಹಸಿರು ಒಂದೊಂದಾಗಿ ಕಾಣತೊಡಗುತ್ತವೆ. ಫ್ಲ್ಯಾಶ್ ಬೇಡ, ಫೋನಿನ ಟಾರ್ಚ್ ಅಂತೂ ಬೇಡವೇ ಬೇಡ.

ಅರ್ಧ ಗಂಟೆಯನ್ನು ಹೀಗೆ ಹಂಚಿಕೊಳ್ಳಿ. ಮೊದಲ ಐದು ನಿಮಿಷ ಪೆನ್ಸಿಲ್ ಮುಟ್ಟದೆ ನೋಡಿ: ದೂರದಿಂದ, ಹತ್ತಿರದಿಂದ, ಪಕ್ಕದಿಂದ. ನಂತರ 5 × 7 ಸೆಂಟಿಮೀಟರಿನ ಚೌಕಟ್ಟಿನಲ್ಲಿ ಎರಡೇ ನಿಮಿಷದಲ್ಲಿ ಇಡೀ ಚಿತ್ರವನ್ನು ಮೂರೇ ಛಾಯೆಗಳಲ್ಲಿ ಹಾಕಿ: ಕಾಗದದ ಬಿಳಿ, ನಡುವಿನ ಬೂದು, 4ಬಿಯ ಕಪ್ಪು. ಕಣ್ಣನ್ನು ಅರೆಮುಚ್ಚಿದರೆ ವಿವರಗಳು ಅಳಿಸಿ ಛಾಯೆ ಮಾತ್ರ ಉಳಿಯುತ್ತದೆ. ಇಂಥವು ಮೂರು ಮಾಡಿ. ಮೊದಲನೆಯದು ಸಾಮಾನ್ಯವಾಗಿ ತಪ್ಪಾಗಿರುತ್ತದೆ, ಮೂರನೆಯದರಲ್ಲಿ ಚಿತ್ರದ ಅಸ್ಥಿಪಂಜರ ಸಿಗುತ್ತದೆ. ಆಮೇಲೆ ಹತ್ತು ನಿಮಿಷ ಒಂದೇ ಒಂದು ವಿವರ: ಒಂದು ಕೈ, ಸೆರಗಿನ ಒಂದು ಮಡಿಕೆ, ಒಂದು ಮರದ ಅಂಚು. ಕೊನೆಗೆ ಬಣ್ಣಗಳನ್ನು ಮಾತಿನಲ್ಲಿ ಬರೆಯಿರಿ. "ಕೆಂಪು" ಎಂದು ಬರೆದರೆ ಮನೆಗೆ ಬಂದ ಮೇಲೆ ಉಪಯೋಗವಿಲ್ಲ. "ನೆನೆದ ಇಟ್ಟಿಗೆಯ ಕೆಂಪು, ಅಂಚಿನಲ್ಲಿ ನೇರಳೆಗೆ ತಿರುಗಿದೆ" ಎಂದು ಬರೆದರೆ ಆ ಬಣ್ಣವನ್ನು ಕಲೆಸಬಹುದು.

ಫೋಟೊ ತೆಗೆಯಲು ಬಿಡುತ್ತಾರಾದರೆ ಸ್ಕೆಚ್ ಮುಗಿದ ಮೇಲೆ ತೆಗೆಯಿರಿ: ಪೂರ್ತಿ ಚಿತ್ರ ಒಂದು, ನೀವು ಆರಿಸಿದ ವಿವರ ಒಂದು, ಫಲಕ ಒಂದು. ಮೊದಲೇ ತೆಗೆದುಕೊಂಡರೆ "ಮನೆಯಲ್ಲಿ ನೋಡಿದರಾಯಿತು" ಎಂದು ಮನಸ್ಸು ಕೆಲಸ ಬಿಟ್ಟುಬಿಡುತ್ತದೆ.

ಮೂರು ಕೃತಿಗಳ ಮುಂದೆ ನಿಂತರೆ

ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ, ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರವಿದೆ. ರಾಜಾ ರವಿವರ್ಮನದೆಂದು ಹಲವರು ಇಂದಿಗೂ ಹೇಳುತ್ತಾರೆ. ಅದು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್ ಅವರದು, 1940ರ ದಶಕದ್ದು, ತೈಲವರ್ಣವಲ್ಲ, ಜಲವರ್ಣ. ಈ ಕೊನೆಯ ಸಂಗತಿಯೇ ಕಲಿಯುವವರಿಗೆ ಮುಖ್ಯ. ತೈಲವರ್ಣದಲ್ಲಿ ಬೆಳಕನ್ನು ಕೊನೆಗೆ ಬಿಳಿ ಹಚ್ಚಿ ತರಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕೆಂದರೆ ಹಚ್ಚದೆ ಬಿಟ್ಟ ಕಾಗದ, ಹಾಗಾಗಿ ದೀಪ ಎಲ್ಲಿದೆ ಎನ್ನುವುದು ಮೊದಲ ತೊಳೆತಕ್ಕೆ (ನೀರು ಬೆರೆಸಿದ ಬಣ್ಣದ ತೆಳು ಪದರಕ್ಕೆ) ಮುಂಚೆಯೇ ತೀರ್ಮಾನವಾಗಿರಬೇಕು. ಆಕೆ ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿದ್ದಾಳೆ. ಬೆರಳುಗಳ ಮೂಲಕ ಬರುವ ಬೆಳಕು ಕೆಂಪಗಿದೆ, ಮುಖದ ಮೇಲೆ ಬಿದ್ದದ್ದು ಬೇರೆ. ಜ್ವಾಲೆಯನ್ನು ಕಣ್ಣಿಗೆ ಕೊಡದೆ, ಅದು ಏನೇನನ್ನು ಮುಟ್ಟಿತೋ ಅದನ್ನಷ್ಟೇ ಬಿಡಿಸಿದ್ದಾರೆ. ನೀವು ತರಬೇಕಾದದ್ದು ಈ ತೀರ್ಮಾನವನ್ನು. ದೀಪ ಹಿಡಿದ ಇನ್ನೊಬ್ಬ ಹೆಣ್ಣನ್ನು ಬಿಡಿಸಬೇಕಾಗಿಲ್ಲ.

ಮನೆಯಲ್ಲಿ: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದದ ಅಂಗೈಯಗಲದ ತುಂಡು, ಎರಡೇ ಬಣ್ಣ, ಕಂದುಗೆಂಪಿನ ಬರ್ನ್ಟ್ ಸಿಯೆನಾ ಮತ್ತು ಅಲ್ಟ್ರಾಮರೀನ್ ನೀಲಿ. ಕತ್ತಲಲ್ಲಿ ಫೋನ್ ನೋಡುತ್ತಿರುವವರ ಮುಖ, ಅಥವಾ ಬಾಗಿಲ ಸಂದಿಯಿಂದ ಬೆಳಕು ಬಿದ್ದ ನೆಲ, ಹೀಗೆ ಬೆಳಕಿನ ಮೂಲ ಕಾಣದ ಒಂದು ದೃಶ್ಯ ಆರಿಸಿ. ಬಿಳಿ ಉಳಿಯಬೇಕಾದ ಜಾಗಕ್ಕೆ ತೆಳುವಾಗಿ ಪೆನ್ಸಿಲ್ ಗಡಿ ಹಾಕಿ, ಅದನ್ನು ಬಿಟ್ಟು ಮೂರು ಸಲ ತೊಳೆತ ಕೊಡಿ, ಪ್ರತಿ ಸಲವೂ ಹಿಂದಿನದು ಪೂರ್ತಿ ಒಣಗಬೇಕು. ಒಣಗಿದೆಯೇ ಎಂದು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ. ಹಸಿಯ ಮೇಲೆ ಹಚ್ಚಿದರೆ ಕೆಳಗಿನ ಬಣ್ಣ ಎದ್ದು ಕೆಸರಾಗುತ್ತದೆ, ಕತ್ತಲು ಕೊಳಕಾಗಲು ಹೆಚ್ಚಾಗಿ ಇದೇ ಕಾರಣ. ಬಿಳಿ ತಪ್ಪಿಹೋಯಿತೆಂದು ಪೋಸ್ಟರ್ ಬಿಳಿ ಹಚ್ಚಬೇಡಿ, ಸುಣ್ಣದಂತೆ ಕಾಣುತ್ತದೆ. ಹೊಸ ತುಂಡಿನಲ್ಲಿ ಮತ್ತೆ ಮಾಡಿ.

ಎರಡನೆಯದು ತೊಗಲುಗೊಂಬೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾವ್ ಅವರು ತೊಗಲುಗೊಂಬೆಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದ್ದರು. ಮ್ಯೂಸಿಯಂನಲ್ಲಿ ಗೊಂಬೆಯ ಮೇಲೆ ಬೆಳಕು ಮುಂದಿನಿಂದ ಬಿದ್ದರೆ ನೀವು ನೋಡುವುದು ಅರ್ಧ ಗೊಂಬೆ. ಹದಮಾಡಿದ ಆಡಿನ ತೊಗಲು ಪಾರಭಾಸಕ, ಅಂದರೆ ಬೆಳಕು ಅದರೊಳಗಿಂದ ಹಾಯುತ್ತದೆ, ಅದನ್ನು ಮಾಡಿದವರ ಲೆಕ್ಕವೆಲ್ಲ ಹಿಂದಿನಿಂದ ಬರುವ ದೀಪದ್ದು. ಹತ್ತಿರ ಬಾಗಿ ನೋಡಿ: ಕಿರೀಟ, ಕಂಠಿ, ಸೊಂಟದ ಪಟ್ಟಿ ಇರುವಲ್ಲೆಲ್ಲ ಸಾಲು ಸಾಲು ತೂತುಗಳು. ಪರದೆಯ ಮೇಲೆ ಆ ತೂತುಗಳೇ ಮುತ್ತು, ಹರಳು. ಒಡವೆ ಬೇಕಾದ ಕಡೆ ಅವರು ಬಣ್ಣ ಸೇರಿಸಲಿಲ್ಲ, ತೊಗಲನ್ನೇ ತೆಗೆದರು. ಮುಖ ಹೆಚ್ಚಾಗಿ ಪಕ್ಕದಿಂದಲೇ ಯಾಕೆ ಎನ್ನುವುದೂ ಇಲ್ಲೇ ಹೊಳೆಯುತ್ತದೆ. ಚಪ್ಪಟೆ ಆಕೃತಿಯಲ್ಲಿ ಮೂಗು, ತುಟಿ, ಗಲ್ಲ ಸ್ಪಷ್ಟವಾಗುವುದು ಅಂಚಿನ ಗೆರೆಯಲ್ಲಿ.

ಇದನ್ನು ಮಾಡಿ ನೋಡಲು ಕಪ್ಪು ಚಾರ್ಟ್ ಹಾಳೆಯ ಎ5 ತುಂಡು, ಕೊರೆಯುವ ಬ್ಲೇಡು, ದಪ್ಪ ಸೂಜಿ, 2 ಮತ್ತು 3 ಮಿಲಿಮೀಟರಿನ ತೂತು ಹೊಡೆಯುವ ಪಂಚ್ ಸಾಕು. ಹಾಳೆಯನ್ನು ಹಳೆಯ ರಬ್ಬರ್ ಚಾಪೆಯ ಮೇಲಿಟ್ಟು ಮೊದಲು ಒಳಗಿನ ತೂತುಗಳನ್ನು ಹೊಡೆದು, ಹೊರ ಅಂಚನ್ನು ಕೊನೆಗೆ ಕತ್ತರಿಸಿ. ಅಂಚು ಮೊದಲು ಕತ್ತರಿಸಿದರೆ ತೂತು ಹೊಡೆಯುವಾಗ ಹಾಳೆ ಸೊಟ್ಟಗಾಗುತ್ತದೆ. ಎರಡು ತೂತುಗಳ ನಡುವೆ ಕಡೇಪಕ್ಷ ಒಂದು ತೂತಿನಗಲ ಜಾಗ ಬಿಡಿ, ಇಲ್ಲದಿದ್ದರೆ ನಡುವಿನ ಎಳೆ ಹರಿಯುತ್ತದೆ. ಒಂದಡಿ ಹಿಂದೆ ಸಣ್ಣ ಎಲ್‌ಇಡಿ ಬಲ್ಬಿಟ್ಟು, ಮುಂದೆ ತೆಳುವಾದ ಬಿಳಿ ಬಟ್ಟೆ ಹಿಡಿದು ನೋಡಿ. ಹಾಳೆ ಬಟ್ಟೆಗೆ ಒತ್ತಿಕೊಂಡಿದ್ದರೆ ಅಂಚು ಚೂಪು, ದೂರ ಸರಿದಷ್ಟೂ ಮಸುಕು. ಪುಸ್ತಕದ ಮುಖಪುಟ, ಲೋಗೋ ಮಾಡುವವರಿಗೆ "ತೆಗೆದು ತೋರಿಸುವ" ಈ ಪಾಠದಷ್ಟು ಲಾಭದ ಪಾಠ ಇನ್ನೊಂದಿಲ್ಲ.

ಮೂರನೆಯದು ಬರೆಯುವವರಿಗೆ. ಆತಕೂರಿನ ವೀರಗಲ್ಲು ಬೆಂಗಳೂರಿನ ಕಸ್ತೂರ ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ಅದರ ಕಾಲ ಕ್ರಿ.ಶ. 949-50. ಕಲ್ಲಿನಲ್ಲಿ ನಾಯಿಯೊಂದು ಹಂದಿಯ ಮೇಲೆ ಬಿದ್ದಿರುವ ಶಿಲ್ಪ, ಅದರ ಸುತ್ತ ಹಳಗನ್ನಡದ ಬರಹ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಕಾಳಿ ಎಂಬ ಬೇಟೆನಾಯಿ ಸಿಕ್ಕಿತು, ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದಕ್ಕಾಗಿ ಈ ಕಲ್ಲು. ದೊಡ್ಡ ಯುದ್ಧ ಬರಹದಲ್ಲಿ ಉಳಿದಿದೆ, ಚಿತ್ರಕ್ಕೆ ಸಿಕ್ಕಿದ್ದು ನಾಯಿ. ಏನನ್ನು ತೋರಿಸಬೇಕು, ಏನನ್ನು ಹೇಳಿ ಮುಗಿಸಬೇಕು ಎಂದು ಹಂಚಿದ ಈ ಬಗೆ ಇಂದಿನ ಸಣ್ಣಕಥೆಗೂ ಪಾಠವೇ.

ಅಭ್ಯಾಸಕ್ಕೆ, ಕಲ್ಲಿನ ಮುಂದೆ ನಿಂತು ಕಣ್ಣಿಗೆ ಕಾಣುವುದನ್ನಷ್ಟೇ ಇಪ್ಪತ್ತು ವಾಕ್ಯ ಬರೆಯಿರಿ. "ಕರುಣಾಜನಕ", "ಅದ್ಭುತ" ಯಾವುದೂ ಬೇಡ. ಹತ್ತನೆಯ ವಾಕ್ಯದ ಹೊತ್ತಿಗೆ ಹೇಳಲು ಏನೂ ಉಳಿದಿಲ್ಲ ಅನಿಸುತ್ತದೆ, ನಿಜವಾದ ಗಮನ ಶುರುವಾಗುವುದೇ ಅಲ್ಲಿಂದ. ಮನೆಗೆ ಬಂದು ನಿಮಗೆ ಗೊತ್ತಿರುವ ಒಂದು ದೊಡ್ಡ ಘಟನೆಯನ್ನು ಅದರ ಅಂಚಿನಲ್ಲಿದ್ದ ಒಂದು ಪ್ರಾಣಿಯ ಅಥವಾ ವಸ್ತುವಿನ ಮೂಲಕ 120 ಪದಗಳಲ್ಲಿ ಬರೆಯಿರಿ: ಊರಿನ ಹೆಸರು, ಮನುಷ್ಯರ ಹೆಸರು, ಏನಾಯಿತು, ಅಷ್ಟೇ.

ಮೆಚ್ಚಿನ ಕಲಾವಿದರೊಬ್ಬರನ್ನು ಹಿಡಿದು ಕೂರುವುದು

ಮ್ಯೂಸಿಯಂ ಭೇಟಿ ಒಂದು ತೀರ್ಮಾನವನ್ನು ಕೊಟ್ಟರೆ, ಒಬ್ಬ ಕಲಾವಿದರ ಜೊತೆ ಒಂದೂವರೆ ತಿಂಗಳು ಕಳೆಯುವುದು ತೀರ್ಮಾನಗಳು ಹೇಗೆ ಹುಟ್ಟುತ್ತವೆ ಎನ್ನುವುದನ್ನು ಕಲಿಸುತ್ತದೆ. ಒಬ್ಬರೇ ಸಾಕು. ಅವರ ಮೂಲ ಕೃತಿ ಒಂದಾದರೂ ನಿಮ್ಮ ಊರಿನಿಂದ ಹೋಗಿ ಬರುವಷ್ಟು ದೂರದಲ್ಲಿರಲಿ. ಬರೀ ಫೋನಿನ ತೆರೆಯಲ್ಲಿ ನೋಡಿ ಮೆಚ್ಚಿದ ಕಲಾವಿದರಾದರೆ ಬಣ್ಣದ ಪದರ, ಕುಂಚದ ಒತ್ತಡ ನಿಮಗೆ ಸಿಗುವುದೇ ಇಲ್ಲ.

ಕೆ. ಕೆ. ಹೆಬ್ಬಾರರನ್ನು (1911–1996) ತೆಗೆದುಕೊಳ್ಳೋಣ. ಉಡುಪಿ ಬಳಿಯ ಕಟ್ಟಿಂಗೇರಿಯವರು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ, ಮುಂದೆ ಪ್ಯಾರಿಸ್‌ನಲ್ಲಿ ಕಲಿತವರು. ಅವರ ಹನ್ನೆರಡು ಕೃತಿಗಳ ಚಿತ್ರಗಳನ್ನು ಒಟ್ಟುಮಾಡಿ: ನಾಲ್ಕು ಆರಂಭದವು, ನಾಲ್ಕು ನಡುವಿನವು, ನಾಲ್ಕು ಕೊನೆಯವು. ವರ್ಷದ ಕ್ರಮದಲ್ಲಿ ಗೋಡೆಗೆ ಅಂಟಿಸಿ. ಮೊದಲ ವಾರ ಏನನ್ನೂ ಮಾಡಬೇಡಿ, ದಿನಾ ಹತ್ತು ನಿಮಿಷ ನೋಡಿ ಎರಡು ಪಟ್ಟಿ ಬರೆಯಿರಿ: ಉದ್ದಕ್ಕೂ ಉಳಿದದ್ದು, ನಡುವೆ ಬಿಟ್ಟುಹೋದದ್ದು. ಬಿಟ್ಟುಹೋದದ್ದರ ಪಟ್ಟಿಯೇ ಹೆಚ್ಚು ಕಲಿಸುತ್ತದೆ.

ಎರಡನೆಯ, ಮೂರನೆಯ ವಾರ ಅವರು ಎಲ್ಲಿಂದ ಪಡೆದರು ಎಂದು ಹುಡುಕಿ. ಹೆಬ್ಬಾರರಿಗೆ ಜೈನ ಹಸ್ತಪ್ರತಿಗಳ ಚಿತ್ರಗಳು, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಮತ್ತು ಫ್ರೆಂಚ್ ಚಿತ್ರಕಾರ ಗೋಗ್ಯಾಂ ಅವರ ಬಣ್ಣ ಪ್ರಭಾವ ಬೀರಿದ್ದವು. ಲಯವನ್ನು ಒಳಗಿನಿಂದ ಅರಿಯಲು ಅವರು ಕಥಕ್ ನೃತ್ಯವನ್ನೇ ಕಲಿತರು. ಇದು ತಿಳಿದ ಮೇಲೆ ಅವರ ರೇಖಾಚಿತ್ರಗಳ ಮುಂದೆ ನಿಂತರೆ ಬೇರೆಯೇ ಕಾಣುತ್ತದೆ: ಗೆರೆ ಮೈಯ ಅಂಚನ್ನು ಹಿಂಬಾಲಿಸುವುದಿಲ್ಲ, ಮೈಯ ಚಲನೆಯನ್ನು ಹಿಂಬಾಲಿಸುತ್ತದೆ. ನರ್ತಿಸುವ ಆಕೃತಿಯಲ್ಲಿ ಬೆರಳೋ ಮುಖವೋ ಅಪೂರ್ಣವಾಗಿದ್ದರೂ ಕೊರತೆ ಅನಿಸುವುದಿಲ್ಲ. ಹೀಗಾಗಿ ಮೆಚ್ಚಿನ ಕಲಾವಿದರನ್ನು ನಕಲು ಮಾಡುವುದಕ್ಕಿಂತ ಅವರು ಕುಡಿದ ಬಾವಿಗೆ ಹೋಗುವುದು ಒಳ್ಳೆಯದು. ಕೆ. ವೆಂಕಟಪ್ಪನವರೂ ಹಾಗೆಯೇ. ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಊಟಿ, ಕೊಡೈಕೆನಾಲ್‌ಗಳ ಅವರ ಜಲವರ್ಣಗಳನ್ನು ನೋಡುವಾಗ ಮಂಜು ಎಷ್ಟು ಹಂತಗಳಲ್ಲಿ ತೆಳುವಾಗುತ್ತದೆ ಎಂದು ಎಣಿಸಿ.

ನಾಲ್ಕನೆಯ ವಾರ ಒಂದೇ ಒಂದು ನಕಲು ಮಾಡಿ, ಕಲಿಯಲಿಕ್ಕೆ. ಮೂಲದ ಗಾತ್ರಕ್ಕೇ ಮಾಡಿದರೆ ತೋಳು ಎಷ್ಟು ಬೀಸಬೇಕೆಂದು ಗೊತ್ತಾಗುತ್ತದೆ. ಹಿಂಬದಿಯಲ್ಲಿ "ಹೆಬ್ಬಾರರ ಚಿತ್ರ ನೋಡಿ ಮಾಡಿದ ನಕಲು" ಎಂದು ಬರೆದಿಡಿ. ಉಳಿದ ಎರಡು ವಾರ ಅವರ ಒಂದು ತೀರ್ಮಾನವನ್ನು ಅವರೆಂದೂ ಬಿಡಿಸದ ವಿಷಯದ ಮೇಲೆ ಹಾಕಿ ನೋಡಿ. ಚಲನೆಯನ್ನು ಹಿಂಬಾಲಿಸುವ ಗೆರೆಯಲ್ಲಿ ಮೆಟ್ರೊ ಹತ್ತುವ ಜನ, ಹೂವಿನ ಮಾರುಕಟ್ಟೆಯ ಕೈಗಳು. ಒಂದು ಚಿತ್ರಕ್ಕೆ ತೊಂಬತ್ತು ಸೆಕೆಂಡ್, ದಿನಕ್ಕೆ ಹತ್ತು ಚಿತ್ರ. ಹೊತ್ತು ಹೆಚ್ಚಾದರೆ ಕೈ ಮತ್ತೆ ಅಂಚನ್ನೇ ಹಿಡಿಯುತ್ತದೆ.

ಮಾಧ್ಯಮ ಬದಲಾದಾಗ

ಮಾಧ್ಯಮ ಬದಲಿಸಿದರೆ ನಕಲಿನ ಅಪಾಯ ತಾನಾಗಿ ತಗ್ಗುತ್ತದೆ. ಧಾರವಾಡದ ಕಸೂತಿಯನ್ನೇ ನೋಡಿ. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಗವಂತಿಯಲ್ಲಿ (ಕಸೂತಿಯ ಹೊಲಿಗೆಗಳಲ್ಲಿ ಒಂದು ಬಗೆ) ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಸಾಧ್ಯ. ಮೈಸೂರು ಸಾಂಪ್ರದಾಯಿಕ ಚಿತ್ರವೊಂದರ ಪ್ರಭಾವಳಿಯ ಬಳ್ಳಿಯನ್ನು ಕಸೂತಿಗೆ ತರಬೇಕಾದರೆ ಪ್ರತಿ ಬಾಗನ್ನೂ ಮೆಟ್ಟಿಲಾಗಿ ಒಡೆಯಲೇಬೇಕು. ಗ್ರಾಫ್ ಹಾಳೆಯಲ್ಲಿ 40 × 40 ಚೌಕದೊಳಗೆ ಬಿಡಿಸಿಕೊಳ್ಳಿ, ಒಂದು ಚೌಕಕ್ಕೆ ಬಟ್ಟೆಯ ನಾಲ್ಕು ಎಳೆ. ಚೌಕಕ್ಕೆ ಎರಡೇ ಎಳೆ ಹಿಡಿದರೆ ಸಾಮಾನ್ಯ ಹತ್ತಿ ಬಟ್ಟೆಯಲ್ಲಿ ಎಣಿಕೆ ತಪ್ಪುತ್ತದೆ. ಗವಂತಿ ಎರಡು ಬದಿಯಲ್ಲೂ ಒಂದೇ ರೀತಿ ಕಾಣಬೇಕಾದ್ದರಿಂದ, ಹೋದ ದಾರಿಯಲ್ಲೇ ವಾಪಸ್ ಬರುವಂತೆ ಬಳ್ಳಿಯ ಕವಲುಗಳನ್ನು ಮೊದಲೇ ಯೋಚಿಸಿಕೊಳ್ಳಬೇಕು, ತುದಿಯಲ್ಲಿ ಬಿಡಿಯಾಗಿ ನಿಂತ ಎಲೆಗೆ ಜಾಗವಿಲ್ಲ.

ಅಂದ ಹಾಗೆ, ಮೈಸೂರು ಚಿತ್ರಗಳನ್ನು ನೋಡುವಾಗ ಪಕ್ಕಕ್ಕೆ ಸರಿದು, ಓರೆಯಾಗಿ ನೋಡಿ. ಚಿನ್ನದ ರೇಕಿನ ಕೆಳಗಿನ ಉಬ್ಬುಗೆಲಸ ತಂಜಾವೂರು ಚಿತ್ರಗಳಿಗಿಂತ ಬಹಳ ತಗ್ಗು. ಎದುರಿನಿಂದ ಅದು ಚಪ್ಪಟೆ ಚಿನ್ನ, ಪಕ್ಕದಿಂದ ಪ್ರತಿ ಸರದ ಗುಂಡೂ ಬೇರೆ ಬೇರೆ.

ಮನೆಗೆ ಬಂದ ಮೇಲಿನ ಎರಡು ದಿನ

ಭೇಟಿಯ ಮಾರನೆಯ ದಿನದೊಳಗೆ ಕೂತುಬಿಡಿ. ಮೊದಲು ಸ್ಕೆಚ್‌ಬುಕ್ ಮುಚ್ಚಿ, ಚಿತ್ರವನ್ನು ನೆನಪಿನಿಂದ ಬಿಡಿಸಿ. ನಂತರ ಪಕ್ಕದಲ್ಲಿ ನಿಮ್ಮ ಸ್ಕೆಚ್ ಇಟ್ಟು ಹೋಲಿಸಿ. ನೆನಪು ಯಾವುದನ್ನು ದೊಡ್ಡದು ಮಾಡಿದೆಯೋ ಅದೇ ನಿಮ್ಮನ್ನು ನಿಜವಾಗಿ ಸೆಳೆದ ಭಾಗ. "ಇಲ್ಲಿ ಅವರು ... ಮಾಡಿದ್ದಾರೆ, ಅದರಿಂದ ... ಆಗಿದೆ" ಎಂಬ ಒಂದೇ ವಾಕ್ಯವನ್ನು ತುಂಬಿ. ವಾಕ್ಯ ತುಂಬಲಾಗದಿದ್ದರೆ ತೀರ್ಮಾನ ಇನ್ನೂ ಸಿಕ್ಕಿಲ್ಲ, ಅದೇ ಕೃತಿಗೆ ಮತ್ತೊಮ್ಮೆ ಹೋಗಿ. ತುಂಬಿದರೆ ಆ ಒಂದನ್ನು ಮಾತ್ರ ಇಟ್ಟುಕೊಂಡು ಮೂರು ಸಣ್ಣ ಪ್ರಯತ್ನ ಮಾಡಿ. ಬೆಳಕು, ಗೆರೆ, ಬಣ್ಣ ಮೂರನ್ನೂ ಒಟ್ಟಿಗೆ ಎತ್ತಿಕೊಂಡರೆ ಫಲಿತಾಂಶ ಆ ಕಲಾವಿದರ ದುರ್ಬಲ ನಕಲಾಗುತ್ತದೆ.

ದೊಡ್ಡ ಕಲಾವಿದರನ್ನು ನೋಡಿ ಬಂದ ಮೇಲೆ ಕೈ ಕಟ್ಟಿದಂತಾಗುವುದು ತೀರಾ ಸಹಜ. ಅದಕ್ಕೆ ಮದ್ದು ಗಾತ್ರ: ಪ್ರಯತ್ನಗಳು ಅಂಗೈಗಿಂತ ದೊಡ್ಡದಾಗದಿರಲಿ, ಒಂದಕ್ಕೆ ಇಪ್ಪತ್ತು ನಿಮಿಷ ಮೀರದಿರಲಿ. ಮೂರೂ ಮುಗಿದ ಮೇಲೆ ಫೋನಿನಲ್ಲಿ ಫೋಟೊ ತೆಗೆದುಕೊಂಡು ಅದೇ ಮ್ಯೂಸಿಯಂಗೆ ಎರಡು ವಾರದೊಳಗೆ ಮತ್ತೆ ಹೋಗಿ, ಮೂಲದ ಪಕ್ಕದಲ್ಲಿ ಹಿಡಿದು ನೋಡಿ. ಈ ಎರಡನೆಯ ಭೇಟಿಗೆ ಇಪ್ಪತ್ತು ನಿಮಿಷ ಸಾಕು, ಆದರೆ ಕಲಿಕೆಯ ದೊಡ್ಡ ಪಾಲು ಇದರಲ್ಲೇ ಇದೆ. ಮೊದಲ ಸಲ ಕಣ್ಣಿಗೇ ಬೀಳದಿದ್ದದ್ದು ಈಗ ಎದ್ದು ಕಾಣುತ್ತದೆ, ಯಾಕೆಂದರೆ ಅದೇ ತೊಡಕನ್ನು ನಿಮ್ಮ ಕೈಯೂ ಎದುರಿಸಿದೆ.

ಮಾಡಿದ್ದನ್ನು ಮಾರುವ, ಮುದ್ರಿಸುವ ಯೋಚನೆಯಿದ್ದರೆ ಹಕ್ಕಿನ ವಿಷಯ ತಿಳಿದಿರಲಿ. ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳು ಎಂದೋ ಸಾರ್ವಜನಿಕವಾಗಿವೆ, ಹೆಬ್ಬಾರರವು 2056ರ ಕೊನೆಯವರೆಗೆ ಆಗುವುದಿಲ್ಲ. ಅವರ ಚಿತ್ರದ ನಕಲನ್ನು ಮನೆಯಲ್ಲಿ ಕಲಿಕೆಗೆ ಇಟ್ಟುಕೊಳ್ಳಿ, ಟೀ ಶರ್ಟಿಗೆ ಅಚ್ಚು ಹಾಕಬೇಡಿ. ತೊಗಲುಗೊಂಬೆ, ಕಸೂತಿಯಂಥ ಪರಂಪರೆಯ ನಮೂನೆಗಳಿಗೆ ಒಬ್ಬರೇ ಒಡೆಯರಿಲ್ಲ. ಆದರೂ ಎಲ್ಲಿಂದ ಬಂತು ಎನ್ನುವುದನ್ನು ನಿಮ್ಮ ಕೃತಿಯ ಜೊತೆ ಬರೆಯಿರಿ, ಇಂದಿಗೂ ಅದೇ ಕೆಲಸದಿಂದ ಬದುಕುತ್ತಿರುವ ಕುಟುಂಬಗಳಿವೆ. ಮ್ಯೂಸಿಯಂ ತೆಗೆಸಿದ ಫೋಟೊವನ್ನು ಪ್ರಕಟಣೆಗೆ ಬಳಸಬೇಕಿದ್ದರೆ ಕೃತಿ ಎಷ್ಟೇ ಹಳೆಯದಾದರೂ ಮ್ಯೂಸಿಯಂಗೆ ಬರೆದು ಅನುಮತಿ ಕೇಳಿ. ಪತ್ರದಲ್ಲಿ ಕೃತಿಯ ಹೆಸರು, ಫಲಕದ ಮೇಲಿರುವ ಸಂಗ್ರಹ ಸಂಖ್ಯೆ, ಎಲ್ಲಿ, ಎಷ್ಟು ಪ್ರತಿ ಮುದ್ರಿಸುತ್ತೀರಿ ಎಂಬ ವಿವರಗಳಿದ್ದರೆ ಉತ್ತರ ಬೇಗ ಬರುತ್ತದೆ.